ಆಲ್ಪ್ಸ್ ಮಡಿಲಿನ ಒಂದು ಗಡಿನಾಡು: ಬೊಲ್ಜಾನೊ ಮತ್ತು ದಕ್ಷಿಣ ಟಿರೋಲ್

ಇಟಲಿಗೆ ಪ್ರವಾಸ ಹೋಗುವ ನಮ್ಮವರು ಸಾಮಾನ್ಯವಾಗಿ ರೋಮ್, ಫ್ಲಾರೆನ್ಸ್, ವೆನಿಸ್, ಮಿಲಾನ್ ನಗರಗಳನ್ನು ನೋಡುತ್ತಾರೆ. ಸಮಯವಿದ್ದರೆ ಪೀಸಾದ ವಾಲಿದ ಗೋಪುರವನ್ನೂ ನೋಡಿ ಬರುತ್ತಾರೆ. ದೇಶದ ಉತ್ತರದ ತುದಿಯಲ್ಲಿ ಆಸ್ಟ್ರಿಯಕ್ಕೆ ತಾಗಿಕೊಂಡಿರುವ ಬೊಲ್ಜಾನೊ ಪ್ರಾಂತದ ಕಡೆಗೆ ಹೊರಳುವವರು ವಿರಳ. ಹೋದವರೂ ಹಿಮಶಿಖರಗಳ ಚಿತ್ರ ತೆಗೆದುಕೊಂಡು, ಸೇಬಿನ ತೋಟಗಳ ನಡುವೆ ಒಂದು ದಿನ ಕಳೆದು ಮರಳುತ್ತಾರೆ. ಆದರೆ ಕಚೇರಿಯ ಭಾಷೆ ಒಂದು, ಮನೆಯ ಭಾಷೆ ಇನ್ನೊಂದು ಎಂಬ ಸ್ಥಿತಿಯಲ್ಲಿ ಹುಟ್ಟಿ ಬೆಳೆದು, ಗಡಿನಾಡಿನ ಕನ್ನಡ ಶಾಲೆಯೊಂದರಲ್ಲಿ ಅಕ್ಷರ ಕಲಿತ ನಮ್ಮಂಥವರು ಆ ಪ್ರಾಂತವನ್ನು ಬೇರೆ ಕಣ್ಣಿನಿಂದ ನೋಡಬೇಕಾಗುತ್ತದೆ. ಒಂದು ಭಾಷಾ ಸಮುದಾಯವು ತನ್ನ ಶಾಲೆಯನ್ನು ಪೂರ್ತಿಯಾಗಿ ಕಳೆದುಕೊಂಡು, ಮತ್ತೆ ಪಡೆದು, ಪಡೆದ ಮೇಲೆ ಅದಕ್ಕೆ ತಕ್ಕ ಬೆಲೆಯನ್ನೂ ತೆತ್ತ ಕಥೆ ಆ ಊರಿನ ಚೌಕಗಳಲ್ಲಿ, ಗೋಡೆಗಳಲ್ಲಿ, ನಾಮಫಲಕಗಳಲ್ಲಿ ಬರೆದಿದೆ. ಅದನ್ನು ಓದುತ್ತ ಆ ಊರನ್ನು ಸುತ್ತುವುದು ಹೇಗೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಮೊದಲು ಹೆಸರಿನ ವಿಚಾರ. ಇಟಾಲಿಯನ್ ಭಾಷೆಯಲ್ಲಿ ಈ ಪ್ರಾಂತದ ಹೆಸರು ಆಲ್ತೊ ಆದಿಜೆ, ಅಂದರೆ ಆದಿಜೆ ನದಿಯ ಮೇಲ್ಕಣಿವೆ. ಜರ್ಮನ್ ಭಾಷೆಯಲ್ಲಿ ಅದೇ ನೆಲ ಸ್ಯೂಡ್‌ಟಿರೋಲ್, ಅಂದರೆ ದಕ್ಷಿಣ ಟಿರೋಲ್. ಒಂದು ಹೆಸರಿನಲ್ಲಿ ಅದು 'ಮೇಲಿನದು', ಇನ್ನೊಂದರಲ್ಲಿ 'ಕೆಳಗಿನದು'. ವೆರೋನಾದ ಬಯಲಿನಿಂದ ನದಿಯಗುಂಟ ಹತ್ತಿ ಬಂದವನು ಇಟ್ಟ ಹೆಸರು ಮೊದಲನೆಯದು; ಇನ್ಸ್‌ಬ್ರುಕ್ಕಿನಿಂದ ಬ್ರೆನ್ನರ್ ಕಣಿವೆದಾರಿಯನ್ನು ದಾಟಿ ಇಳಿದು ಬಂದವನು ಇಟ್ಟದ್ದು ಎರಡನೆಯದು. ಪ್ರಾಂತದ ಮುಖ್ಯ ನಗರಕ್ಕೂ ಹಾಗೆಯೇ: ಇಟಾಲಿಯನ್ನರಿಗೆ ಬೊಲ್ಜಾನೊ, ಜರ್ಮನ್ ಭಾಷಿಕರಿಗೆ ಬೋತ್ಸೆನ್, ಪೂರ್ವದ ಎತ್ತರದ ಕಣಿವೆಗಳಲ್ಲಿ ಲದೀನ್ ಎಂಬ ಪುರಾತನ ಭಾಷೆಯನ್ನಾಡುವ ಸಣ್ಣ ಸಮುದಾಯಕ್ಕೆ ಬುಲ್ಸಾನ್. ನಮ್ಮ ಮಂಜೇಶ್ವರದ ಕೊನೆಗೆ ಒಂದು ಅನುಸ್ವಾರ ಸೇರಿದರೆ ಅದರ ಅರ್ಥವೇನೆಂದು ಬಲ್ಲ ಓದುಗರಿಗೆ ಈ ಹೆಸರುಗಳ ಮಹತ್ತ್ವವನ್ನು ವಿವರಿಸಬೇಕಾಗಿಲ್ಲ.

ಪ್ರಾಂತದ ವಿಸ್ತೀರ್ಣ ಸುಮಾರು 7,400 ಚದರ ಕಿಲೋಮೀಟರು; ಜನಸಂಖ್ಯೆ ಐದು ಲಕ್ಷಕ್ಕೆ ತುಸು ಮೇಲೆ. ಅದರಲ್ಲಿ ಒಂದು ಲಕ್ಷಕ್ಕಿಂತ ಹೆಚ್ಚಿನವರು ಬೊಲ್ಜಾನೊ ನಗರದಲ್ಲೇ ಇದ್ದಾರೆ. ತಾಲ್ವೆರ ಮತ್ತು ಇಸಾರ್ಕೊ ನದಿಗಳು ಕೂಡುವಲ್ಲಿ, ಸಮುದ್ರಮಟ್ಟದಿಂದ ಕೇವಲ 262 ಮೀಟರು ಎತ್ತರದ ಬೋಗುಣಿಯಂಥ ತಗ್ಗಿನಲ್ಲಿ ನಗರ ನಿಂತಿದೆ. ಸುತ್ತಲೂ ಗೋಡೆಯಂತೆ ಬೆಟ್ಟಗಳು. ಆಲ್ಪ್ಸ್ ಎಂದೊಡನೆ ಚಳಿಯನ್ನೇ ನೆನೆಯುವವರು ಇಲ್ಲಿನ ಜುಲೈ ತಿಂಗಳ ಸೆಕೆಯನ್ನು ಕಂಡು ಬೆರಗಾಗುತ್ತಾರೆ. ಕಣಿವೆಯ ತಳದಲ್ಲಿ ಸುಮಾರು 18,000 ಹೆಕ್ಟೇರು ಸೇಬಿನ ತೋಟ, ಅದರ ಮೇಲಿನ ಇಳಿಜಾರಿನಲ್ಲಿ ದ್ರಾಕ್ಷಿ, ಅದಕ್ಕೂ ಮೇಲೆ ಹುಲ್ಲುಗಾವಲು, ಕೊನೆಗೆ ಬರಿಯ ಬಂಡೆ ಮತ್ತು ಹಿಮ. ವೆರೋನಾದಿಂದ ರೈಲಿನಲ್ಲಿ ಬಂದರೆ ಎರಡು ಗಂಟೆಯೊಳಗೆ ಈ ನೋಟ ಕಿಟಕಿಯಲ್ಲಿ ತೆರೆದುಕೊಳ್ಳುತ್ತದೆ. ಸಾಲೂರ್ನ್ ಎಂಬಲ್ಲಿ ಎರಡೂ ಕಡೆಯ ಬೆಟ್ಟಗಳು ಹತ್ತಿರ ಬಂದು ಕಣಿವೆ ಕಿರಿದಾಗುತ್ತದೆ. ಭಾಷೆಯ ಗಡಿ ಶತಮಾನಗಳಿಂದ ಹೆಚ್ಚುಕಡಿಮೆ ಅಲ್ಲಿಯೇ ಇದ್ದಿತು. ದೇಶದ ಗಡಿ ಮಾತ್ರ ಬೇರೆ ಕಡೆ ಹೋಯಿತು.

ಹಳೆಯ ಪೇಟೆ

ರೈಲು ನಿಲ್ದಾಣದಿಂದ ಐದು ನಿಮಿಷ ನಡೆದರೆ ವಾಲ್ಟರ್ ಚೌಕ. ನಡುವೆ ಬಿಳಿಯ ಅಮೃತಶಿಲೆಯಲ್ಲಿ ಮಧ್ಯಯುಗದ ಜರ್ಮನ್ ಕವಿ ವಾಲ್ಟರ್ ಫಾನ್ ಡೆರ್ ಫೋಗೆಲ್‌ವೈಡೆಯ ಮೂರ್ತಿಯಿದೆ. ಹೈನ್ರಿಖ್ ನಾಟರ್ ಎಂಬ ಶಿಲ್ಪಿ ಮಾಡಿದ ಈ ಮೂರ್ತಿಯನ್ನು 1889ರಲ್ಲಿ ಇಲ್ಲಿ ನಿಲ್ಲಿಸಿದರು. ಆಗ ಈ ಊರು ಆಸ್ಟ್ರಿಯದ ಭಾಗ. ದಕ್ಷಿಣಕ್ಕೆ ಅರುವತ್ತು ಕಿಲೋಮೀಟರು ದೂರದ ತ್ರೆಂತೊ ನಗರವೂ ಆಸ್ಟ್ರಿಯದ ಆಳ್ವಿಕೆಯಲ್ಲಿತ್ತಾದರೂ ಅಲ್ಲಿಯ ಜನ ಇಟಾಲಿಯನ್ನರು. ಅವರು 1896ರಲ್ಲಿ ತಮ್ಮ ಊರಿನಲ್ಲಿ ಡಾಂಟೆಯ ಭಾರಿ ಸ್ಮಾರಕವನ್ನು ಎಬ್ಬಿಸಿ ಉತ್ತರ ಕೊಟ್ಟರು. ಕವಿಗಳನ್ನು ಗಡಿಕಲ್ಲುಗಳಾಗಿ ನೆಡುವ ಈ ಪದ್ಧತಿ ಆ ಕವಿಗಳಿಗೆ ಒಪ್ಪಿಗೆಯಾಗುತ್ತಿತ್ತೇ ಎಂಬುದು ಬೇರೆ ಮಾತು. ವಾಲ್ಟರನನ್ನು 1935ರಲ್ಲಿ ಚೌಕದಿಂದ ಕಿತ್ತು ಬದಿಯ ಉದ್ಯಾನವೊಂದಕ್ಕೆ ಸಾಗಿಸಲಾಯಿತು. ಆತ ತನ್ನ ಜಾಗಕ್ಕೆ ಮರಳಿದ್ದು 1981ರಲ್ಲಿ.

ಚೌಕದ ಒಂದು ಬದಿಯಲ್ಲಿ ಬಣ್ಣದ ಹೆಂಚಿನ ಮಾಡು ಮತ್ತು ಕಲ್ಲಿನಲ್ಲಿ ಕಸೂತಿ ಹಾಕಿದಂತಿರುವ ಗೋಪುರದ ಮಹಾದೇವಾಲಯವಿದೆ. ಸ್ವಲ್ಪವೇ ಆಚೆಗೆ ದೊಮಿನಿಕನ್ ಸಂನ್ಯಾಸಿಗಳ ಇಗರ್ಜಿ. ಅಲ್ಲಿನ ಸಂತ ಯೋಹಾನನ ಕಿರುಗುಡಿಯ ಗೋಡೆಗಳಲ್ಲಿ 14ನೆಯ ಶತಮಾನದ ಚಿತ್ರಗಳಿವೆ. ಜೊತ್ತೊ ಎಂಬ ಮಹಾ ಚಿತ್ರಕಾರನ ಶೈಲಿಯನ್ನು ಪಾದುವಾ ಕಡೆಯ ಕಲಾವಿದರು ಪರ್ವತದ ಈ ಬುಡದವರೆಗೆ ತಂದ ದಾಖಲೆಗಳಿವು. ಪೇಟೆಯಲ್ಲಿ ನೆಲೆಸಿದ್ದ ಇಟಾಲಿಯನ್ ವರ್ತಕರು ಪ್ರಾರ್ಥನೆಗೆ ಸೇರುತ್ತಿದ್ದುದೂ ಇಲ್ಲಿಯೇ.

ವರ್ತಕರ ಬೀದಿಗೆ ಕಮಾನುಗಳ ಬೀದಿಯೆಂದೇ ಹೆಸರು. ಎರಡೂ ಬದಿಗಳಲ್ಲಿ ಮನೆಗಳ ಕೆಳ ಅಂತಸ್ತು ಕಮಾನುಗಳಿಂದ ಕೂಡಿದ ಪಡಸಾಲೆಯಾಗಿದ್ದು, ಮಳೆ ಬಿಸಿಲಿನ ಅಂಜಿಕೆಯಿಲ್ಲದೆ ಅಂಗಡಿಯಿಂದ ಅಂಗಡಿಗೆ ನಡೆಯಬಹುದು. ಮನೆಗಳ ಮುಖ ಕಿರಿದು, ಒಳಗಿನ ಉದ್ದ ಬಹಳ. ಇದೇ ಬೀದಿಯಲ್ಲಿರುವ ವರ್ತಕರ ಅರಮನೆ ಈಗ ವಸ್ತುಸಂಗ್ರಹಾಲಯವಾಗಿದೆ. 1635ರಲ್ಲಿ ಟಿರೋಲನ್ನು ಆಳುತ್ತಿದ್ದ ಕ್ಲಾದಿಯಾ ದೆ ಮೆದಿಚಿ ಎಂಬ ರಾಣಿ, ಇಲ್ಲಿನ ಜಾತ್ರೆಗಳಿಗೆ ಬರುವ ವ್ಯಾಪಾರಿಗಳ ತಂಟೆ ತಕರಾರುಗಳನ್ನು ತೀರ್ಮಾನಿಸಲು ಒಂದು ನ್ಯಾಯಪೀಠವನ್ನು ಸ್ಥಾಪಿಸಿದಳು. ಅದರಲ್ಲಿ ಜರ್ಮನ್ ಮತ್ತು ಇಟಾಲಿಯನ್ ವರ್ತಕರು ಸರಿಸಮನಾಗಿ ನ್ಯಾಯಾಧೀಶರಾಗಿ ಕೂರುತ್ತಿದ್ದರು. ರಾಷ್ಟ್ರವಾದದ ಗಾಳಿ ಬೀಸುವ ಮೊದಲು ಎರಡು ಭಾಷೆಗಳ ನಡುವಿನ ಈ ಊರು ತನ್ನ ಹೊಟ್ಟೆ ಹೊರೆದುಕೊಂಡದ್ದೇ ಆ ಎರಡು ಭಾಷೆಗಳ ಬಲದಿಂದ ಎಂಬುದನ್ನು ಮುಂದಿನ ಸಂಗತಿಗಳನ್ನು ಓದುವಾಗ ನೆನಪಿನಲ್ಲಿಡಬೇಕು.

ಸೇತುವೆಯ ಆಚೆ

ಟಿರೋಲ್ 1363ರಿಂದ ಹಾಬ್ಸ್‌ಬುರ್ಗ್ ಮನೆತನಕ್ಕೆ ಸೇರಿದ ನಾಡು. ನಡುವೆ ನೆಪೋಲಿಯನ್ನನ ಕಾಲದಲ್ಲಿ ಕೆಲವು ವರ್ಷ ಬವೇರಿಯದವರ ಕೈಗೆ ಹೋದಾಗ ಆಂಡ್ರೆಯಾಸ್ ಹೋಫರ್ ಎಂಬ ಛತ್ರದ ಒಡೆಯ 1809ರಲ್ಲಿ ರೈತರನ್ನು ಕಟ್ಟಿಕೊಂಡು ದಂಗೆಯೆದ್ದು, ಮರುವರ್ಷ ಮಾಂತುವಾದಲ್ಲಿ ಗುಂಡಿಗೆ ಬಲಿಯಾದದ್ದನ್ನು ಇಲ್ಲಿಯ ಜನ ಇಂದಿಗೂ ಮರೆತಿಲ್ಲ. ಒಂದನೆಯ ಮಹಾಯುದ್ಧದ ನಡುವೆ, 1915ರ ಲಂಡನ್ ರಹಸ್ಯ ಒಪ್ಪಂದದಲ್ಲಿ, ಇಟಲಿ ತಮ್ಮ ಪಕ್ಷ ಸೇರಿದರೆ ಬ್ರೆನ್ನರ್ ತನಕದ ನೆಲ ಅದಕ್ಕೆ ದೊರೆಯುವುದೆಂದು ಬ್ರಿಟನ್, ಫ್ರಾನ್ಸ್, ರಷ್ಯಗಳು ಮಾತು ಕೊಟ್ಟವು. 1919ರ ಸೇಂಟ್ ಜರ್ಮೇನ್ ಒಪ್ಪಂದ ಅದನ್ನು ಖಾಯಂಗೊಳಿಸಿತು; 1920ರಲ್ಲಿ ಪ್ರಾಂತ ವಿಧಿವತ್ತಾಗಿ ಇಟಲಿಗೆ ಸೇರಿತು. 1910ರ ಜನಗಣತಿಯ ಪ್ರಕಾರ ಇಲ್ಲಿನ ನೂರರಲ್ಲಿ ಸುಮಾರು 89 ಮಂದಿ ಜರ್ಮನ್ ಭಾಷಿಕರು, ನಾಲ್ಕು ಮಂದಿ ಲದೀನರು, ಇಟಾಲಿಯನ್ನರು ಮೂವರು. ಗಡಿ ಎಳೆದವರು ನೋಡಿದ್ದು ನದಿಗಳು ಎತ್ತ ಹರಿಯುತ್ತವೆ ಎಂಬುದನ್ನು. ಜನ ಯಾವ ಮಾತನ್ನಾಡುತ್ತಾರೆ ಎಂಬುದನ್ನಲ್ಲ.

ಮೊದಲ ಕೆಲವು ವರ್ಷ ಹೆಚ್ಚಿನ ತೊಂದರೆಯಾಗಲಿಲ್ಲ. ಆದರೆ ಫ್ಯಾಸಿಸ್ಟರ ಬಲ ಏರುತ್ತಿದ್ದಂತೆ ಚಿತ್ರ ಬದಲಾಯಿತು. 1921ರ ಏಪ್ರಿಲ್‌ನಲ್ಲಿ ಬೊಲ್ಜಾನೊದ ಬೀದಿಯಲ್ಲಿ ಜಾನಪದ ಉಡುಗೆಯ ಮೆರವಣಿಗೆಯ ಮೇಲೆ ಅವರು ನಡೆಸಿದ ದಾಳಿಯಲ್ಲಿ ಫ್ರಾನ್ಸ್ ಇನ್ನರ್‌ಹೋಫರ್ ಎಂಬವರು ಪ್ರಾಣ ಕಳೆದುಕೊಂಡರು. ಅವರು ಮಾರ್ಲಿಂಗ್ ಗ್ರಾಮದ ಶಾಲೆಯ ಅಧ್ಯಾಪಕರು. 1922ರ ಅಕ್ಟೋಬರ್ ಆರಂಭದಲ್ಲಿ, ಮುಸೊಲಿನಿ ರೋಮಿಗೆ ದಂಡೆತ್ತಿ ಹೋಗುವುದಕ್ಕೆ ಕೆಲವೇ ವಾರ ಮುಂಚೆ, ಕರಿಯಂಗಿಯವರ ತಂಡ ಬೊಲ್ಜಾನೊಗೆ ನುಗ್ಗಿತು. ಅವರು ಮೊದಲು ವಶಪಡಿಸಿಕೊಂಡದ್ದು ಸೇನಾಶಿಬಿರವನ್ನೂ ಅಲ್ಲ, ಖಜಾನೆಯನ್ನೂ ಅಲ್ಲ. ಎಲಿಜಬೆತ್ ಶಾಲೆ ಎಂಬ ಜರ್ಮನ್ ಶಾಲೆಯನ್ನು. 1895ರಿಂದ ನಗರದ ಮೇಯರ್ ಆಗಿದ್ದ ಯೂಲಿಯುಸ್ ಪೆರಾಥೋನರ್ ಆಗಲೇ ಪದಚ್ಯುತರಾದರು.

ಹಳೆಯ ಪೇಟೆಯಿಂದ ಪಶ್ಚಿಮಕ್ಕೆ ತಾಲ್ವೆರ ನದಿಯ ಸೇತುವೆಯನ್ನು ದಾಟಿದೊಡನೆ ಕಾಲ ಮತ್ತು ಭಾಷೆ ಎರಡೂ ಬದಲಾದ ಅನುಭವವಾಗುತ್ತದೆ. ಅಗಲವಾದ ನೇರ ರಸ್ತೆಗಳು, ಸಾಲುಗಂಬಗಳ ಕಟ್ಟಡಗಳು. ಸೇತುವೆಯ ತುದಿಯಲ್ಲೇ ವಾಸ್ತುಶಿಲ್ಪಿ ಪಿಯಾಚೆಂತಿನಿ ರಚಿಸಿ 1928ರಲ್ಲಿ ಉದ್ಘಾಟನೆಗೊಂಡ ವಿಜಯಸ್ಮಾರಕವಿದೆ. ಅದರ ಕಂಬಗಳು ಫ್ಯಾಸಿಸ್ಟರ ಲಾಂಛನವಾದ, ಕೊಡಲಿ ಕಟ್ಟಿದ ಕೋಲಿನ ಕಂತೆಯ ಆಕಾರದಲ್ಲಿವೆ. ಮೇಲೆ ಲ್ಯಾಟಿನ್ ಭಾಷೆಯ ಶಾಸನ. ಇಲ್ಲಿಗೆ ತಾಯ್ನಾಡಿನ ಗಡಿ, ಇಲ್ಲಿಂದಲೇ ನಾವು ಉಳಿದವರಿಗೆ ಭಾಷೆ, ಕಾನೂನು, ಕಲೆಗಳ ಸಂಸ್ಕಾರ ಕೊಟ್ಟೆವು ಎಂಬುದು ಅದರ ತಾತ್ಪರ್ಯ. ಏಳು ಶತಮಾನ ಹಿಂದಿನ ಕವಿಗಳ ಪರಂಪರೆಯುಳ್ಳ ಜನರ ಕಣ್ಣೆದುರಿಗೇ, ನಿಮಗೆ ಭಾಷೆ ಕಲಿಸಿದವರು ನಾವು ಎಂದು ಕಲ್ಲಿನಲ್ಲಿ ಕೆತ್ತಿಸಿದ ಉದ್ಧಟತನ ಇದು.

ಕೆತ್ತನೆಯ ಹಿಂದೆ ಒಂದು ಪೂರ್ಣ ಕಾರ್ಯಕ್ರಮವಿತ್ತು. ಅದರ ಕರ್ತೃ ಎತ್ತೊರೆ ತೊಲೊಮೇಯಿ ಎಂಬ ವಿದ್ವಾಂಸ. ವಿದ್ವತ್ತನ್ನು ಯಾವ ಕೆಲಸಕ್ಕೆ ಬಳಸಬಾರದೋ ಅದಕ್ಕೆ ಬಳಸಿದವನೀತ. ಪ್ರಾಂತದ ಊರು, ಹಳ್ಳ, ಬೆಟ್ಟ, ಹಾಡಿಗಳಿಗೆಲ್ಲ ಇಟಾಲಿಯನ್ ಹೆಸರುಗಳ ಒಂದು ದೊಡ್ಡ ಪಟ್ಟಿಯನ್ನೇ ಈತ ಸಿದ್ಧಪಡಿಸಿದ್ದ. ಕೆಲವು ಹೆಸರುಗಳಿಗೆ ಬಾಲ ಸೇರಿಸಿದ, ಕೆಲವನ್ನು ಅನುವಾದಿಸಿದ, ಕೆಲವಕ್ಕೆ ರೋಮನ್ನರ ಕಾಲದಿಂದ ಅಗೆದು ತೆಗೆದ. ಸ್ಟೆರ್ತ್ಸಿಂಗ್ ಎಂಬ ಊರು ವಿಪಿತೇನೊ ಆಯಿತು; ಕ್ಲೌಸೆನ್ ಕ್ಯೂಸಾ ಆಯಿತು. 1923ರ ಜುಲೈಯಲ್ಲಿ ಬೊಲ್ಜಾನೊದ ನಾಟಕಮಂದಿರದಲ್ಲಿ ಈತ 32 ಅಂಶಗಳ ಯೋಜನೆಯನ್ನು ಘೋಷಿಸಿದ. ಅದೇ ವರ್ಷ ಟಿರೋಲ್ ಎಂಬ ಹೆಸರನ್ನೇ ಬಳಸಬಾರದೆಂಬ ಆಜ್ಞೆ ಹೊರಟಿತು. ಕ್ರಮೇಣ ಕಚೇರಿ, ನ್ಯಾಯಾಲಯ, ಅಂಗಡಿಯ ಫಲಕಗಳಿಂದ ಜರ್ಮನ್ ಮರೆಯಾಯಿತು. ಕೊನೆಗೆ ಹೊಸ ಗೋರಿಕಲ್ಲುಗಳ ಮೇಲೂ ಅದನ್ನು ಬರೆಯಕೂಡದೆಂದಾಯಿತು.

ಎಲ್ಲಕ್ಕಿಂತ ಆಳವಾದ ಪೆಟ್ಟು ಶಾಲೆಗೆ ಬಿತ್ತು. 1923ರ ಶಿಕ್ಷಣ ಕಾಯಿದೆಯ ಮೇರೆಗೆ ಒಂದನೆಯ ತರಗತಿಯಿಂದ ಆರಂಭಿಸಿ ವರ್ಷಕ್ಕೊಂದು ತರಗತಿಯಂತೆ ಬೋಧನಾ ಮಾಧ್ಯಮವನ್ನು ಇಟಾಲಿಯನ್ನಿಗೆ ಬದಲಿಸಲಾಯಿತು. ಜರ್ಮನ್ ಅಧ್ಯಾಪಕರು ಕೆಲಸ ಕಳೆದುಕೊಂಡರು, ಇಲ್ಲವೇ ದೂರದ ಸೀಮೆಗಳಿಗೆ ವರ್ಗವಾದರು. ಅವರ ಜಾಗಕ್ಕೆ ಮಕ್ಕಳ ಮಾತಿನ ಗಂಧವೇ ಇಲ್ಲದ ಅಧ್ಯಾಪಕರು ದಕ್ಷಿಣದಿಂದ ಬಂದರು. ಆರು ವರ್ಷದ ಮಗು ತನಗೆ ತಿಳಿಯದ ಭಾಷೆಯಲ್ಲಿ ಪಾಠ ಹೇಳುವ, ತನ್ನ ಭಾಷೆ ತಿಳಿಯದ ಗುರುವಿನ ಮುಂದೆ ಕೂರುವ ಸ್ಥಿತಿ. ಕನ್ನಡ ಬಾರದ ಅಧ್ಯಾಪಕರು ಕನ್ನಡ ಮಾಧ್ಯಮದ ತರಗತಿಗೆ ನೇಮಕಗೊಂಡಾಗ ಗಡಿನಾಡಿನ ಹೆತ್ತವರು ಶಾಲೆಯ ಬಾಗಿಲಿಗೆ ಬಂದು ನಿಂತದ್ದು ಏಕೆಂಬುದನ್ನು ನಮ್ಮ ಓದುಗರು ಬಲ್ಲರು. ಅಲ್ಲಿಯ ಹೆತ್ತವರಿಗಾದರೋ ಹಾಗೆ ನಿಂತು ಪ್ರಶ್ನಿಸುವ ಸ್ವಾತಂತ್ರ್ಯವೂ ಇರಲಿಲ್ಲ.

ಅವರು ಹಿಡಿದ ದಾರಿ ಬೇರೆ. ಮಿಖಾಯೆಲ್ ಗಾಂಪರ್ ಎಂಬ ಪಾದ್ರಿಗಳು ಪತ್ರಿಕೆಯೊಂದರಲ್ಲಿ ಬರೆದು, ಮೊದಲ ಕಾಲದ ಕ್ರೈಸ್ತರು ನೆಲದಡಿಯ ಸುರಂಗಗಳಲ್ಲಿ ಸೇರಿ ತಮ್ಮ ಧರ್ಮವನ್ನು ಉಳಿಸಿಕೊಂಡಂತೆ ನಾವು ಮನೆಗಳಲ್ಲಿ ಮಕ್ಕಳಿಗೆ ಭಾಷೆಯನ್ನು ಕಲಿಸೋಣ ಎಂದು ಕರೆಕೊಟ್ಟರು. ಇದರಿಂದಲೇ ಆ ಗುಪ್ತ ಶಾಲೆಗಳಿಗೆ 'ಸುರಂಗ ಶಾಲೆ'ಗಳೆಂಬ ಹೆಸರು ಬಂತು. ಸಾಲೂರ್ನ್ ಊರಿನ ವಕೀಲ ಯೋಸೆಫ್ ನೋಲ್ಡಿನ್ ದಕ್ಷಿಣದ ಹಳ್ಳಿಗಳಲ್ಲಿ ಇದನ್ನು ಸಂಘಟಿಸಿದರು. ರೈತರ ಮನೆಯ ಅಡುಗೆಕೋಣೆ, ಅಟ್ಟ, ಹುಲ್ಲಿನ ಕೊಟ್ಟಿಗೆ ಇವೇ ತರಗತಿಗಳು. ಮಕ್ಕಳು ಹಗಲು ಸರಕಾರಿ ಶಾಲೆಗೆ ಹೋಗಿ ಬಂದು, ಸಂಜೆ ನಾಲ್ಕಾರು ಮಂದಿಯಂತೆ ಬೇರೆ ಬೇರೆ ದಾರಿಗಳಿಂದ ಬಂದು ಸೇರುವರು. ಪುಸ್ತಕಗಳು ಗಡಿಯಾಚೆಯಿಂದ ಕದ್ದುಮುಚ್ಚಿ ಬರುವುವು. ಕಲಿಸುವವರು ಬಹುತೇಕ ಹಳ್ಳಿಯ ಹರೆಯದ ಹೆಣ್ಣುಮಕ್ಕಳು. ಅವರಿಗೆ ಅಡುಗೆ, ಹೊಲಿಗೆಯ ತರಗತಿಗಳೆಂಬ ನೆಪದಲ್ಲಿ ಅಧ್ಯಾಪನದ ತರಬೇತಿ ಕೊಡಲಾಗುತ್ತಿತ್ತು. ಪೊಲೀಸರು ಬಾಗಿಲು ತಟ್ಟಿದರೆ ದಂಡ, ಸೆರೆ, ಗಡೀಪಾರು.

ನೋಲ್ಡಿನ್ನರನ್ನು 1927ರಲ್ಲಿ ಸಿಸಿಲಿಯ ಹತ್ತಿರದ ಲಿಪಾರಿ ದ್ವೀಪಕ್ಕೆ ಅಟ್ಟಿದರು. ಬಿಡುಗಡೆಯಾಗಿ ಬಂದವರು 1929ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಕುರ್ಟಾಚ್ ಎಂಬ ಹಳ್ಳಿಯಲ್ಲಿ ಕಲಿಸುತ್ತಿದ್ದ ಆಂಜೆಲಾ ನಿಕೊಲೆಟ್ಟಿಯನ್ನು ಸೆರೆಗೆ ಹಾಕಿ, ಅನಂತರ ಊರಿನಿಂದಲೇ ಹೊರಹಾಕಲಾಯಿತು. ಆಕೆ ಕ್ಷಯರೋಗದಿಂದ 1930ರಲ್ಲಿ ಸತ್ತಾಗ ವಯಸ್ಸು 25. ಇಂಥ ಹುಡುಗಿಯರಲ್ಲಿ ಹೆಚ್ಚಿನವರ ಹೆಸರು ಯಾವ ಚೌಕದಲ್ಲೂ ಕಾಣಸಿಗುವುದಿಲ್ಲ. ವಿಜಯಸ್ಮಾರಕದ ಕಂಬಗಳ ಎದುರು ನಿಂತು ಫೋಟೋ ತೆಗೆಸಿಕೊಳ್ಳುವ ಪ್ರವಾಸಿ ಅಡುಗೆಕೋಣೆಯ ಆ ಶಾಲೆಗಳನ್ನು ಒಂದು ಗಳಿಗೆ ನೆನೆಯುವುದು ಯುಕ್ತ.

ಕಹಿ ಇಲ್ಲಿಗೇ ಮುಗಿಯಲಿಲ್ಲ. 1935ರಿಂದ ನಗರದ ದಕ್ಷಿಣಕ್ಕೆ ದೊಡ್ಡ ಕೈಗಾರಿಕಾ ವಲಯವನ್ನು ಎಬ್ಬಿಸಿ, ಇಟಲಿಯ ಇತರ ಭಾಗಗಳಿಂದ ಸಾವಿರಾರು ಕಾರ್ಮಿಕರನ್ನು ತಂದು ನೆಲೆಗೊಳಿಸಲಾಯಿತು. ಅವರು ಬಡವರು, ಕೆಲಸ ಹುಡುಕಿ ಬಂದವರು. ಅವರನ್ನು ದೂರಿ ಪ್ರಯೋಜನವಿಲ್ಲ. 1939ರಲ್ಲಿ ಹಿಟ್ಲರ್ ಮತ್ತು ಮುಸೊಲಿನಿ ಮಾಡಿಕೊಂಡ ಒಪ್ಪಂದವು ಜರ್ಮನ್ ಭಾಷಿಕರ ಮುಂದೆ ಎರಡೇ ಆಯ್ಕೆಗಳನ್ನಿಟ್ಟಿತು: ಊರು ಬಿಟ್ಟು ಜರ್ಮನಿಗೆ ಹೋಗುವುದು, ಇಲ್ಲವೇ ಭಾಷೆ ಬಿಟ್ಟು ಊರಿನಲ್ಲಿರುವುದು. ಆ ವರ್ಷದ ಕೊನೆಯೊಳಗೆ ನೂರಕ್ಕೆ ಸುಮಾರು 86 ಮಂದಿ ಹೋಗುತ್ತೇವೆಂದು ಬರೆದುಕೊಟ್ಟರು. ಯುದ್ಧ ಬೆಳೆದುದರಿಂದ ನಿಜವಾಗಿ ಹೋದವರು ಸುಮಾರು 75,000. ಒಂದೇ ಮನೆಯ ಅಣ್ಣ ತಮ್ಮಂದಿರು ಬೇರೆಯಾದರು. ಉಳಿಯುತ್ತೇವೆಂದವರನ್ನು ನೆರೆಯವರೇ ದ್ರೋಹಿಗಳೆಂದರು. ಗಾಂಪರ್ ಉಳಿಯುವ ಪಕ್ಷದವರಾಗಿದ್ದು, 1943ರಲ್ಲಿ ಜರ್ಮನ್ ಸೇನೆ ಬಂದಾಗ ತಲೆತಪ್ಪಿಸಿಕೊಳ್ಳಬೇಕಾಯಿತು. ಆ ಎರಡು ವರ್ಷಗಳಲ್ಲಿ ಬೊಲ್ಜಾನೊದಲ್ಲಿದ್ದ ಸೆರೆಶಿಬಿರವನ್ನು ಸುಮಾರು 11,000 ಮಂದಿ ಹಾದುಹೋದರು. ಅವರಲ್ಲಿ ಅನೇಕರನ್ನು ಉತ್ತರದ ಮರಣಶಿಬಿರಗಳಿಗೆ ಸಾಗಿಸಲಾಯಿತು. ಶಿಬಿರದ ಒಂದು ಗೋಡೆ ರೆಜಿಯಾ ರಸ್ತೆಯಲ್ಲಿ ಈಗಲೂ ನಿಂತಿದೆ. ಜರ್ಮನ್ ಶಾಲೆಗಳನ್ನು ಮತ್ತೆ ತೆರೆಯಿಸಿದ್ದು ಕೂಡ ಆ ನಾಜಿ ಆಡಳಿತವೇ ಎಂಬುದು ಇತಿಹಾಸದ ವಿಪರ್ಯಾಸ.

ಒಪ್ಪಂದ ಮತ್ತು ಅದರ ಬೆಲೆ

ಯುದ್ಧಾನಂತರ ಗಡಿ ಬದಲಾಗಲಿಲ್ಲ. 1946ರ ಸೆಪ್ಟೆಂಬರ್ 5ರಂದು ಪ್ಯಾರಿಸ್ಸಿನಲ್ಲಿ ಇಟಲಿಯ ಪ್ರಧಾನಿ ದೆ ಗಾಸ್ಪೆರಿ ಮತ್ತು ಆಸ್ಟ್ರಿಯದ ವಿದೇಶಾಂಗ ಮಂತ್ರಿ ಗ್ರೂಬರ್ ಸಹಿಮಾಡಿದ ಚಿಕ್ಕ ಒಪ್ಪಂದದಲ್ಲಿ ಜರ್ಮನ್ ಭಾಷಿಕರಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ, ಕಚೇರಿಗಳಲ್ಲಿ ಎರಡೂ ಭಾಷೆಗಳಿಗೆ ಸಮಾನತೆ, ಎರಡೂ ಭಾಷೆಗಳ ಸ್ಥಳನಾಮಗಳು, ಬದಲಾಯಿಸಲ್ಪಟ್ಟ ಮನೆತನದ ಹೆಸರುಗಳನ್ನು ಮರಳಿ ಪಡೆಯುವ ಹಕ್ಕು ಇವನ್ನೆಲ್ಲ ಒಪ್ಪಿಕೊಳ್ಳಲಾಯಿತು. ಕಾಗದದಿಂದ ನೆಲಕ್ಕೆ ಇಳಿಯಲು ಕಾಲು ಶತಮಾನ ಹಿಡಿಯಿತು. 1948ರಲ್ಲಿ ದೊರೆತ ಸ್ವಾಯತ್ತತೆ ಇಟಾಲಿಯನ್ ಬಹುಮತದ ತ್ರೆಂತೊದ ಜತೆಗೆ ಗಂಟು ಹಾಕಿದ ಸ್ವಾಯತ್ತತೆಯಾಗಿತ್ತು. ಅದರ ವಿರುದ್ಧ 1957ರಲ್ಲಿ ಸಿಗ್‌ಮುಂಡ್ಸ್‌ಕ್ರೋನ್ ಕೋಟೆಯಲ್ಲಿ ಸಿಲ್ವಿಯುಸ್ ಮಾನ್ಯಾಗೊ ಅವರ ನೇತೃತ್ವದಲ್ಲಿ ಮೂವತ್ತು ಸಾವಿರಕ್ಕೂ ಮಿಕ್ಕಿ ಜನ ಸೇರಿದರು. ವಿವಾದ ವಿಶ್ವಸಂಸ್ಥೆಯ ಮೆಟ್ಟಿಲೇರಿತು. 1961ರ ಜೂನ್ ತಿಂಗಳ ಒಂದು ರಾತ್ರಿ ಉಗ್ರವಾದಿಗಳು ಹತ್ತಾರು ವಿದ್ಯುತ್ ಕಂಬಗಳನ್ನು ಸ್ಫೋಟಿಸಿದರು. ಮುಂದಿನ ವರ್ಷಗಳಲ್ಲಿ ಎರಡೂ ಕಡೆ ಪ್ರಾಣಹಾನಿಯಾಯಿತು. ಕೊನೆಗೆ ಕೆಲಸ ಸಾಧಿಸಿದ್ದು ಸ್ಫೋಟವಲ್ಲ, ಕೋಲೂರಿಕೊಂಡು ನಡೆಯುತ್ತಿದ್ದ, ಯುದ್ಧದಲ್ಲಿ ಒಂದು ಕಾಲು ಕಳೆದುಕೊಂಡಿದ್ದ ಮಾನ್ಯಾಗೊ ಅವರ ಹಠದ ಸಂಧಾನವೆಂಬುದು ನನ್ನ ಅಭಿಪ್ರಾಯ. 1972ರಲ್ಲಿ ಹೊಸ ಸ್ವಾಯತ್ತತಾ ಶಾಸನ ಜಾರಿಗೆ ಬಂತು. 1992ರಲ್ಲಿ ಆಸ್ಟ್ರಿಯ ಮತ್ತು ಇಟಲಿಗಳು ವಿವಾದ ಮುಗಿಯಿತೆಂದು ವಿಶ್ವಸಂಸ್ಥೆಗೆ ತಿಳಿಸಿದವು.

ಈ ಶಾಸನದ 19ನೆಯ ವಿಧಿ ನಮಗೆ ಮುಖ್ಯ. ಶಿಶುವಿಹಾರದಿಂದ ಪ್ರೌಢಶಾಲೆಯವರೆಗೆ ಪಾಠವು ಮಕ್ಕಳ ಮಾತೃಭಾಷೆಯಲ್ಲಿ ನಡೆಯತಕ್ಕದ್ದು; ಪಾಠ ಹೇಳುವವರ ಮಾತೃಭಾಷೆಯೂ ಅದೇ ಆಗಿರತಕ್ಕದ್ದು. ಎರಡನೆಯ ಭಾಷೆಯ ಕಲಿಕೆ ಕಡ್ಡಾಯ. ಅದನ್ನು ಕಲಿಸುವವರಿಗೂ ಅದು ಮಾತೃಭಾಷೆಯಾಗಿರಬೇಕು. ನಮ್ಮ ಸಂವಿಧಾನಕ್ಕೆ 1956ರಲ್ಲಿ ಸೇರಿದ 350ಎ ವಿಧಿಯು ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸುವಂತೆ ರಾಜ್ಯಗಳಿಗೆ ಹೇಳುತ್ತದೆ. ಅಧ್ಯಾಪಕರ ಮಾತೃಭಾಷೆಯ ಬಗ್ಗೆ ಅದರಲ್ಲಿ ಮಾತಿಲ್ಲ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಓದುವವರಿಗೆ ಒಂದು ಸಾಲಿನಿಂದ ಎಷ್ಟು ವ್ಯತ್ಯಾಸವಾಗುತ್ತದೆಂಬುದು ಕಾಣಿಸುತ್ತದೆ. ಅಲ್ಲಿ ಜರ್ಮನ್, ಇಟಾಲಿಯನ್, ಲದೀನ್ ಶಾಲೆಗಳಿಗೆ ಪ್ರತ್ಯೇಕ ಶಿಕ್ಷಣಾಧಿಕಾರಿಗಳಿದ್ದಾರೆ. ಸರಕಾರಿ ನೌಕರಿಗೆ ಎರಡೂ ಭಾಷೆಗಳ ಪರೀಕ್ಷೆ ತೇರ್ಗಡೆಯಾಗಬೇಕು. ನೌಕರಿಗಳನ್ನು ಭಾಷಾ ಸಮುದಾಯಗಳ ಸಂಖ್ಯೆಗೆ ತಕ್ಕಂತೆ ಹಂಚಲಾಗುತ್ತದೆ. ಪ್ರಾಂತದಲ್ಲಿ ಸಂಗ್ರಹವಾಗುವ ತೆರಿಗೆಯ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಪ್ರಾಂತಕ್ಕೇ ಸಲ್ಲುತ್ತದೆ. ಹಣವಿಲ್ಲದ ಹಕ್ಕು ಅವರದಲ್ಲ.

2011ರ ಜನಗಣತಿಯಲ್ಲಿ ಪ್ರಾಂತದ 69.4 ಪ್ರತಿಶತ ಜನ ತಮ್ಮನ್ನು ಜರ್ಮನ್, 26.1 ಪ್ರತಿಶತ ಇಟಾಲಿಯನ್, 4.5 ಪ್ರತಿಶತ ಲದೀನ್ ಸಮುದಾಯದವರೆಂದು ಬರೆಸಿಕೊಂಡರು. ಬೊಲ್ಜಾನೊ ನಗರದ ಲೆಕ್ಕ ಇದಕ್ಕೆ ತಲೆಕೆಳಗು: ಅಲ್ಲಿ ಸುಮಾರು 74 ಪ್ರತಿಶತ ಇಟಾಲಿಯನ್ನರು. ದೇಶದಲ್ಲಿ ಅಲ್ಪಸಂಖ್ಯಾತರಾದ ಜರ್ಮನರು ಪ್ರಾಂತದಲ್ಲಿ ಬಹುಸಂಖ್ಯಾತರು. ದೇಶದಲ್ಲಿ ಬಹುಸಂಖ್ಯಾತರಾದ ಇಟಾಲಿಯನ್ನರು ಪ್ರಾಂತದಲ್ಲಿ ಅಲ್ಪಸಂಖ್ಯಾತರು. ನಗರದೊಳಗೆ ಮತ್ತೆ ಅದಲುಬದಲು. ಹಾಗಾಗಿ ಗಾಯಗಳೂ ಎರಡು ಕಡೆಗಿವೆ. 2001ರಲ್ಲಿ ನಗರಾಡಳಿತವು ವಿಜಯ ಚೌಕಕ್ಕೆ ಶಾಂತಿ ಚೌಕವೆಂದು ಹೆಸರಿಟ್ಟಾಗ ಇಟಾಲಿಯನ್ ನಾಗರಿಕರಿಗೆ ಅದು ತಮ್ಮ ಗುರುತನ್ನೇ ಅಳಿಸಿದಂತೆ ಕಂಡಿತು. ಮರುವರ್ಷ ನಡೆದ ಮತದಾನದಲ್ಲಿ ಸುಮಾರು 62 ಪ್ರತಿಶತ ಮಂದಿ ಹಳೆಯ ಹೆಸರನ್ನೇ ಮರಳಿ ತಂದರು.

ಬೇಲಿಯಿಂದ ಬೆಳೆ ಉಳಿಯಿತು, ನಿಜ. ಆದರೆ ಬೇಲಿ ಬೇಲಿಯೇ. ಒಂದೇ ಬೀದಿಯ ಮಕ್ಕಳು ಎರಡು ಶಾಲೆಗಳಿಗೆ ಹೋಗಿ ಬೆಳೆಯುತ್ತಾರೆ. ಇದನ್ನು ಕಟುವಾಗಿ ಪ್ರಶ್ನಿಸಿದವರು 1946ರಲ್ಲಿ ಸ್ಟೆರ್ತ್ಸಿಂಗಿನಲ್ಲಿ ಜರ್ಮನ್ ಭಾಷಿಕ ಮನೆಯಲ್ಲಿ ಹುಟ್ಟಿದ ಅಲೆಕ್ಸಾಂಡರ್ ಲಾಂಗರ್. ನಾನು ಯಾವ ಸಮುದಾಯದವನೆಂದು ಬರೆದುಕೊಡುವುದಿಲ್ಲ ಎಂದು ಅವರು ಹಟ ಹಿಡಿದರು. ಯುರೋಪಿನ ಸಂಸತ್ತಿನ ಸದಸ್ಯರಾಗಿದ್ದ ಅವರು 1995ರಲ್ಲಿ ಬೊಲ್ಜಾನೊದ ಮೇಯರ್ ಸ್ಥಾನಕ್ಕೆ ನಿಲ್ಲಲು ಹೊರಟಾಗ ಆ ಘೋಷಣೆ ಇಲ್ಲವೆಂಬ ಕಾರಣಕ್ಕಾಗಿಯೇ ಅವಕಾಶ ಸಿಗಲಿಲ್ಲ. ಅದೇ ವರ್ಷ ಅವರು ತೀರಿಕೊಂಡರು. ಅವರ ವಾದವನ್ನು ಪೂರ್ತಿ ಒಪ್ಪುವುದು ನನಗೆ ಕಷ್ಟ. ಬೇಲಿ ಇಲ್ಲದ ಹೊಲದ ಗತಿ ಏನಾಗುತ್ತದೆಂಬುದನ್ನು ನಾವು ನಮ್ಮ ನೆರೆಯಲ್ಲೇ ಕಂಡಿದ್ದೇವೆ. ಆದರೂ ಅವರು ಕೇಳಿದ ಪ್ರಶ್ನೆಗೆ ಆ ಪ್ರಾಂತ ಇನ್ನೂ ಸರಿಯಾದ ಉತ್ತರ ಕೊಟ್ಟಿಲ್ಲ. ಇಂದು ನಗರದ ಜರ್ಮನ್ ಶಾಲೆಗಳಿಗೆ ಇಟಾಲಿಯನ್ ಹೆತ್ತವರು, ಹೊರದೇಶಗಳಿಂದ ಬಂದ ಕುಟುಂಬದವರು ತಮ್ಮ ಮಕ್ಕಳನ್ನು ಸೇರಿಸುತ್ತಿದ್ದಾರೆ. 2024ರಲ್ಲಿ ಒಂದು ಪ್ರಾಥಮಿಕ ಶಾಲೆ ಜರ್ಮನ್ ಬಾರದ ಮಕ್ಕಳಿಗೆ ಬೇರೆಯೇ ತರಗತಿ ಮಾಡಲು ಹೊರಟಾಗ ಮೇಲಿನ ಅಧಿಕಾರಿಗಳು ತಡೆದರು. ಒಂದು ಕಾಲಕ್ಕೆ ಅಟ್ಟದಲ್ಲಿ ಅಡಗಿದ್ದ ಶಾಲೆಯ ಮುಂದೆ ಈಗ ಯಾರನ್ನು ಒಳಗೆ ಬಿಡಬೇಕೆಂಬ ಸಮಸ್ಯೆ.

ಸ್ಮಾರಕಗಳ ವಿಷಯದಲ್ಲಿ ಮಾತ್ರ ನಗರ ಮೆಚ್ಚತಕ್ಕ ವಿವೇಕ ತೋರಿದೆ. ವಿಜಯಸ್ಮಾರಕವನ್ನು ಕೆಡವಲಿಲ್ಲ, 2014ರಲ್ಲಿ ಅದರ ನೆಲಮಾಳಿಗೆಯಲ್ಲಿ ಎರಡು ಸರ್ವಾಧಿಕಾರಗಳ ಇತಿಹಾಸವನ್ನು ತಿಳಿಸುವ ಪ್ರದರ್ಶನವನ್ನು ತೆರೆದು, ಹೊರಗಿನ ಒಂದು ಕಂಬಕ್ಕೆ ಉಂಗುರದಂತೆ ದೀಪದ ಅಕ್ಷರಗಳನ್ನು ತೊಡಿಸಿದರು. ಈಗ ತೆರಿಗೆ ಕಚೇರಿಗಳಿರುವ ಹಳೆಯ ಫ್ಯಾಸಿಸ್ಟ್ ಪಕ್ಷದ ಕಟ್ಟಡದ ಮೇಲೆ ಕುದುರೆಯೇರಿದ ಮುಸೊಲಿನಿಯ ಭಾರಿ ಉಬ್ಬುಶಿಲ್ಪವಿದೆ; ನಂಬು, ವಿಧೇಯನಾಗು, ಹೋರಾಡು ಎಂಬ ಘೋಷಣೆಯೂ ಇದೆ. ಅದರ ಮೇಲೆ 2017ರಿಂದ ಚಿಂತಕಿ ಹನ್ನಾ ಆರೆಂಟ್ ಅವರ ಒಂದು ಮಾತು ಮೂರು ಭಾಷೆಗಳಲ್ಲಿ ಬೆಳಗುತ್ತಿದೆ. ಹೇಳಿದಂತೆ ಕೇಳಿದೆ ಎಂಬುದು ಯಾರಿಗೂ ನೆಪವಾಗಲಾರದು ಎಂಬುದು ಅದರ ಭಾವ. ಇದನ್ನು ಕತ್ತಲಾದ ಮೇಲೆಯೇ ನೋಡಬೇಕು.

ಇನ್ನು ಪ್ರವಾಸಿಗಳೆಲ್ಲ ಸಾಲುಗಟ್ಟುವ ಹಿಮಮಾನವನ ಮಾತು. 1991ರ ಸೆಪ್ಟೆಂಬರ್ 19ರಂದು 3,210 ಮೀಟರು ಎತ್ತರದಲ್ಲಿ ಚಾರಣಕ್ಕೆ ಹೋಗಿದ್ದ ಜರ್ಮನ್ ದಂಪತಿಗಳಿಗೆ ಕರಗುತ್ತಿದ್ದ ಹಿಮದಲ್ಲಿ ಒಂದು ಹೆಣ ಕಂಡಿತು. ಅದು ಸುಮಾರು 5,300 ವರ್ಷ ಹಿಂದಿನದು. ಮೊದಲು ಅದನ್ನು ಆಸ್ಟ್ರಿಯಕ್ಕೆ ಒಯ್ದರು. ಅಳತೆ ಮಾಡಿ ನೋಡಿದಾಗ ಸಿಕ್ಕಿದ ಜಾಗ ಗಡಿಯಿಂದ 92.56 ಮೀಟರು ಇಟಲಿಯ ಒಳಗಿತ್ತು! 1998ರಿಂದ ಆತ ಬೊಲ್ಜಾನೊದ ಪುರಾತತ್ತ್ವ ಸಂಗ್ರಹಾಲಯದಲ್ಲಿ ಸೊನ್ನೆಗಿಂತ ಆರು ಡಿಗ್ರಿ ಕೆಳಗಿನ ಚಳಿಯಲ್ಲಿ ಮಲಗಿದ್ದಾನೆ. ಸಣ್ಣ ಕಿಟಕಿಯಿಂದ ನೋಡಬಹುದು. ತಾಮ್ರದ ಕೊಡಲಿ, ಹುಲ್ಲು ತುಂಬಿದ ಪಾದರಕ್ಷೆ, ಎಡ ಭುಜದಲ್ಲಿ 2001ರಲ್ಲಿ ಪತ್ತೆಯಾದ ಬಾಣದ ಮೊನೆ. ಯಾರ ಭಾಷೆಯೂ ಹುಟ್ಟುವ ಮುಂಚೆ ಬೆನ್ನಿಗೆ ಬಾಣ ಬಿದ್ದು ಸತ್ತವನ ಮೇಲೆ ಎರಡು ದೇಶಗಳು ಹಗ್ಗ ಹಿಡಿದು ಅಳೆದವು.

ಊಟದ ಬಗ್ಗೆ ಒಂದು ಮಾತು. ಒಣಗಿದ ರೊಟ್ಟಿಯ ಚೂರುಗಳನ್ನು ಹಾಲು ಮೊಟ್ಟೆಗಳಲ್ಲಿ ನೆನೆಸಿ, ಉಂಡೆ ಕಟ್ಟಿ ಬೇಯಿಸಿದ 'ಕ್ನೋಡೆಲ್' ಇಲ್ಲಿನ ಮನೆತಿಂಡಿ. ಇಟಾಲಿಯನ್ನರು ಅದನ್ನೇ 'ಕನೆದೆರ್ಲಿ' ಎನ್ನುತ್ತಾರೆ. ಮಾಂಸ ತಿನ್ನದವರು ಪಾಲಕ್ ಅಥವಾ ಚೀಸ್ ಹಾಕಿದ್ದನ್ನು ಕೇಳಿ ಪಡೆಯಬಹುದು.

ಸಮಯವಿದ್ದರೆ ನಗರದ ಉತ್ತರಕ್ಕಿರುವ ರುಂಕೆಲ್‌ಸ್ಟೈನ್ ಕೋಟೆಯನ್ನೂ ನೋಡಬೇಕು. 1385ರಲ್ಲಿ ಅದನ್ನು ಕೊಂಡ ಫಿಂಟ್ಲರ್ ಎಂಬ ವರ್ತಕ ಸೋದರರು ಕೋಣೆಗಳ ಗೋಡೆಯ ತುಂಬ ಆರ್ಥರ್ ರಾಜನ ಕಥೆಗಳ ಚಿತ್ರ ಬರೆಸಿದ್ದಾರೆ. ಹೊತ್ತು ಇಳಿಯುವ ಮೊದಲು ರೈಲು ನಿಲ್ದಾಣದ ಹತ್ತಿರದಿಂದ ಹೊರಡುವ ತೂಗುತೊಟ್ಟಿಲಿನಲ್ಲಿ ಕುಳಿತರೆ ಹನ್ನೆರಡು ನಿಮಿಷಗಳಲ್ಲಿ ರೆನೊನ್ ಪ್ರಸ್ಥಭೂಮಿಯ ಮೇಲಿರುತ್ತೇವೆ. ಅಲ್ಲಿ 1907ರ ಕಿರುರೈಲು ಹುಲ್ಲುಗಾವಲುಗಳ ನಡುವೆ ಆರೂವರೆ ಕಿಲೋಮೀಟರು ಓಡುತ್ತದೆ. ಪೂರ್ವಕ್ಕೆ ದೊಲೊಮೀತಿ ಪರ್ವತಗಳು. 2009ರಲ್ಲಿ ಯುನೆಸ್ಕೊ ಇವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅವುಗಳ ಹಿಂದಿನ ಗಾರ್ಡೆನಾ, ಬಾದಿಯಾ ಕಣಿವೆಗಳಲ್ಲಿ ಲದೀನರ ವಾಸ. ಅವರ ಶಾಲೆಗಳು ಮಾತ್ರ ಬೇಲಿ ಹಾಕಿಕೊಂಡಿಲ್ಲ: ಪಾಠಗಳಲ್ಲಿ ಅರ್ಧ ಜರ್ಮನ್, ಅರ್ಧ ಇಟಾಲಿಯನ್, ಜತೆಗೆ ತಮ್ಮ ಲದೀನ್. ಸಂಖ್ಯೆ ಸಣ್ಣದಾದ್ದರಿಂದ ಬೇರೆ ದಾರಿಯಿರಲಿಲ್ಲ ಎನ್ನಬಹುದು. ಆದರೆ ಮೂರು ಭಾಷೆಗಳಲ್ಲಿ ಸರಾಗವಾಗಿ ಮಾತಾಡುವ ಮಕ್ಕಳು ಆ ಪ್ರಾಂತದಲ್ಲಿ ಹೆಚ್ಚಾಗಿ ಸಿಗುವುದು ಆ ಕಣಿವೆಗಳಲ್ಲೇ.

ರೆನೊನಿನ ಮೇಲಿಂದ ಎದುರಿಗೆ ಕಾಣುವ ಬಂಡೆಯ ಗೋಡೆಗೆ ಜರ್ಮನ್ನಿನಲ್ಲಿ ಗುಲಾಬಿತೋಟವೆಂದು ಹೆಸರು. ಲೌರಿನ್ ಎಂಬ ಕುಬ್ಜರ ರಾಜ ಅಲ್ಲಿ ಗುಲಾಬಿಗಳನ್ನು ಬೆಳೆದಿದ್ದನಂತೆ. ಶತ್ರುಗಳು ಆ ಹೂಗಳ ಗುರುತು ಹಿಡಿದು ಬಂದು ಅವನನ್ನು ಸೆರೆಹಿಡಿದಾಗ, ಹಗಲಾಗಲಿ ಇರುಳಾಗಲಿ ಈ ತೋಟ ಯಾರ ಕಣ್ಣಿಗೂ ಬೀಳದಿರಲಿ ಎಂದು ಶಪಿಸಿದನಂತೆ. ಮುಸ್ಸಂಜೆಯನ್ನು ಹೇಳಲು ಮರೆತನಂತೆ. ಸೂರ್ಯ ಮುಳುಗುವ ಹೊತ್ತಿಗೆ ಆ ಬೂದುಬಣ್ಣದ ಬಂಡೆ ಹತ್ತು ನಿಮಿಷ ಗುಲಾಬಿಯಾಗಿ, ಕೆಂಪಾಗಿ, ನೇರಳೆಯಾಗಿ ಆರುತ್ತದೆ. ಆ ಕೆಂಪಿಗೆ ಇಟಾಲಿಯನ್ನರೂ ಬಳಸುವ 'ಎನ್ರೊಸದೀರ' ಎಂಬ ಪದ ಲದೀನ್ ಭಾಷೆಯದು.